ಡ್ರೈವರ್ ಇಳಿಸಿದೆ

“ಕೂಗಿದ!” ಎಂದಳು ಸುಮನಾ.

ಪರದೆಯ ಮೇಲೆ ಅಕ್ಷರಗಳು ಸಾಲುಸಾಲಾಗಿ ಇಳಿದವು. ಡೆಡ್‌ಲಾಕ್ ಸಂಭವ ಎಂಬ ಎಚ್ಚರಿಕೆ, ಅದರ ಕೆಳಗೆ ಎರಡು ಬೀಗಗಳ ಹೆಸರು, ಅದರ ಕೆಳಗೆ ಯಾರು ಯಾವುದನ್ನು ಹಿಡಿದು ಕೂತಿದ್ದಾರೆ ಎಂಬ ದೊಡ್ಡ ಪುರಾಣ. ಆದರೆ ಮೇಜಿನ ಮೇಲಿದ್ದ ಬೂದು ಬಣ್ಣದ ಕಂಪ್ಯೂಟರ್ ಪೆಟ್ಟಿಗೆ ಒಮ್ಮೆಯೂ ನಿಂತಿರಲಿಲ್ಲ. ಬ್ರೇಕಿನ ಬದಲಿಗೆ ಕಟ್ಟಿದ್ದ ಕೆಂಪು ಬಲ್ಬು ಸರಿಯಾದ ಹೊತ್ತಿಗೆ ಹೊತ್ತಿಕೊಂಡು ತನ್ನ ಪಾಡಿಗೆ ತಾನು ಉರಿಯುತ್ತಿತ್ತು.

“ನಲವತ್ತೊಂದು,” ಎಂದು ಅವಳು ನೋಟ್‌ಬುಕ್ಕಿನಲ್ಲಿ ಗೀರು ಎಳೆದಳು. “ನಲವತ್ತೊಂದು ಸಲ ಕಂಪ್ಯೂಟರ್ ಆರಿಸಿ ಹೊತ್ತಿಸಿ ಡ್ರೈವರ್ ಇಳಿಸಿದ್ದೀನಿ. ನಲವತ್ತೊಂದು ಸಲಾನೂ ಕೂಗಿದ. ಒಂದೇ ಒಂದು ಸಲ ಬ್ರೇಕ್ ತಪ್ಪಿಲ್ಲ.”

ಎದುರಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮುದುರಿ ಕೂತಿದ್ದ ತಮ್ಮ ಜ್ಞಾನೇಶ ತಲೆ ಎತ್ತಲಿಲ್ಲ. ಹನ್ನೊಂದು ತಿಂಗಳ ಹಿಂದೆ ಭದ್ರಾವತಿಯ ನಂದಿಧ್ವಜ ಫೌಂಡ್ರಿಯಲ್ಲಿ ಕರಗಿದ ಕಬ್ಬಿಣ ತುಂಬಿದ ಲ್ಯಾಡಲ್ ಎಂಬ ಕೊಪ್ಪರಿಗೆ ಕ್ರೇನಿನಿಂದ ಜಾರಿ ಶಿವಕುಮಾರ್ ಎಂಬ ಕೆಲಸಗಾರ ಸತ್ತಿದ್ದ. ಕ್ರೇನಿನ ಬ್ರೇಕಿಗೂ ಕಂಪ್ಯೂಟರಿಗೂ ನಡುವೆ ಮಾತು ಮುಟ್ಟಿಸುವ ಪ್ರೋಗ್ರಾಂ, ಅಂದರೆ ಡ್ರೈವರ್, ಬರೆದುಕೊಟ್ಟಿದ್ದ ತಪ್ಪಿಗೆ ಜ್ಞಾನೇಶ ಊರಿನ ಕಣ್ಣಿಗೆ ಕೊಲೆಗಾರನಾಗಿದ್ದ.

ನಾಳಿದ್ದು ಕೋರ್ಟಿನಲ್ಲಿ ಅವನ ಮೇಲೆ ಆರೋಪ ಹೊರಿಸುತ್ತಾರೆ. ಪುರಾವೆ ಎಂದರೆ ಇದೇ ಕೂಗು.

ಈ ಕೂಗುವವನಿಗೆ ಹೆಸರಿಟ್ಟವನೂ ಜ್ಞಾನೇಶನೇ. ಕಂಪ್ಯೂಟರಿನ ಒಡಲಾದ ಕರ್ನಲ್‌ನೊಳಗೆ ಬೀಗಗಳನ್ನು ಕಾಯುವ ಒಂದು ಕಾವಲು ಪ್ರೋಗ್ರಾಂ ಉಂಟು. ಒಬ್ಬರ ಬೀಗಕ್ಕೆ ಇನ್ನೊಬ್ಬರು ಕಾದು ಕೂತು ಇಡೀ ಯಂತ್ರವೇ ನಿಂತುಹೋಗುವುದಕ್ಕೆ ಡೆಡ್‌ಲಾಕ್ ಎನ್ನುತ್ತಾರೆ. ಅಂಥದ್ದು ಆಗಬಹುದು ಎಂಬ ಗುಮಾನಿ ಬಂದರೆ ಸಾಕು, ಈ ಕಾವಲಿನವನು ಬೊಬ್ಬೆ ಹಾಕುತ್ತಾನೆ. ಜ್ಞಾನೇಶ ಅವನನ್ನು ‘ದೊಡ್ಡಪ್ಪ’ ಎಂದು ಕರೆದ. ಹೊಳಲೂರಿನ ದೊಡ್ಡಪ್ಪ ಉಜ್ಜನಪ್ಪನವರನ್ನು ಕಂಡವರಿಗೆ ಆ ಹೆಸರು ಯಾಕೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ದೊಡ್ಡಪ್ಪನಿಗೆ ಮುಖ ನೆನಪಿರುತ್ತಿರಲಿಲ್ಲ, ಮನೆ ನೆನಪಿರುತ್ತಿತ್ತು. ಜಗಲಿಯಲ್ಲಿ ಕೂತು “ಯಾರ ಮನೆಯವನೋ ನೀನು?” ಎಂದು ದಾರಿಹೋಕರನ್ನೆಲ್ಲ ತಡೆಯುವುದು, ಮನೆಯ ಹೆಸರು ಸಿಕ್ಕಿದ ಕೂಡಲೇ ಅಣ್ಣ ಮಾಡಿದ್ದಕ್ಕೆ ತಮ್ಮನನ್ನು ಹಿಡಿದು ಉಗಿಯುವುದು. ಸಾಲದ್ದಕ್ಕೆ, ಒಂದು ಸಲ ಕೂಗಾಡಿದರೆ ಮುನಿಸಿಕೊಂಡು ಕಂಬಳಿ ಹೊದ್ದು ಮಲಗಿಬಿಡುತ್ತಿದ್ದರು. ಆಮೇಲೆ ಮನೆಗೆ ಕಳ್ಳ ನುಗ್ಗಿದರೂ ತುಟಿ ಬಿಚ್ಚುತ್ತಿರಲಿಲ್ಲ, ಮರುದಿನ ಎದ್ದ ಮೇಲೆಯೇ ಮತ್ತೆ ಬಾಯಿ.

ಈ ಪ್ರೋಗ್ರಾಂ ಕೂಡ ತದ್ವತ್ ಅವರೇ. ಬೀಗದ ಮುಖ ನೋಡುವುದಿಲ್ಲ, ಅದು ಹುಟ್ಟಿದ ಮನೆ ನೋಡುತ್ತದೆ.

“ಇನ್ನೊಂದು ಸಲ ಹೇಳು,” ಎಂದಳು ಸುಮನಾ. “ಕೋರ್ಟಲ್ಲಿ ನಾನು ತಡವರಿಸಬಾರದು.”

“ಎಷ್ಟು ಸಲ ಹೇಳ್ಲಿ ಅಕ್ಕ?” ಜ್ಞಾನೇಶ ಗೋಡೆ ನೋಡುತ್ತ ಹೇಳಿದ. “ಡ್ರೈವರ್ ಇಳಿಸುವಾಗ, ಅಂದ್ರೆ ಕಂಪ್ಯೂಟರಿಂದ ಅದನ್ನ ತೆಗೆಯುವಾಗ, ದೊಡ್ಡ ಬೋರ್ಡಿನ ಬೀಗ ಹಿಡ್ಕೊಂಡೇ ಅದರ ಕೆಳಗಿನ ಸಣ್ಣ ಬೋರ್ಡಿನ ಬೀಗ ಹಿಡೀಬೇಕು. ಎರಡೂ ಬೇರೆ ಬೇರೆ ಬೀಗ. ಆದ್ರೆ ಪ್ರೋಗ್ರಾಮಿನ ಒಂದೇ ಸಾಲಲ್ಲಿ ಹುಟ್ಟಿದ್ವು. ದೊಡ್ಡಪ್ಪಂಗೆ ಅದೆಲ್ಲ ಒಂದೇ ಮನೆ. ‘ಹಿಡಿದಿರೋ ಬೀಗಾನೇ ಮತ್ತೆ ಹಿಡಿಯೋಕೆ ಹೊರಟಿದ್ದಾನೆ, ಸಿಕ್ಕಿ ಸಾಯ್ತಾನೆ’ ಅಂತ ಕೂಗ್ತಾನೆ. ಇವನು ಹಿರಿಯ, ಇವನು ಕಿರಿಯ ಅಂತ ಒಂದು ಸಾಲು ಬರೆದು ತಿಳಿಸಿದ್ರೆ ಸುಮ್ಮನಾಗ್ತಿದ್ದ. ನಾನು ಬರೀಲಿಲ್ಲ. ಸುಳ್ಳು ಕೂಗು ತಾನೆ, ಕೂಗ್ಲಿ ಬಿಡು ಅಂದ್ಕೊಂಡೆ.”

“ಇದನ್ನ ತನಿಖೆಯವರ ಮುಂದೆ ಯಾಕೆ ಹೇಳ್ಲಿಲ್ಲ?”

ಹನ್ನೊಂದು ತಿಂಗಳಿಂದ ಈ ಒಂದು ಪ್ರಶ್ನೆ ಬಂದಾಗಲೆಲ್ಲ ಜ್ಞಾನೇಶನ ಬಾಯಿಗೆ ಬೀಗ ಬೀಳುತ್ತಿತ್ತು. ನ್ಯೂ ಟೌನ್ ಮಾರ್ಕೆಟ್ಟಿನಲ್ಲಿ ಜನ ಚಪ್ಪಲಿ ತೆಗೆದುಕೊಂಡು ಹೊಡೆದಾಗಲೂ ಅವನು ಕೈ ಅಡ್ಡ ಹಿಡಿದನೇ ಹೊರತು ಬಾಯಿ ಬಿಟ್ಟಿರಲಿಲ್ಲ. ಅವತ್ತು ಮುರಿದ ಬಲಗೈ ಹೆಬ್ಬೆರಳು ಇವತ್ತಿಗೂ ನೆಟ್ಟಗಾಗಿಲ್ಲ. ಅವನು ಕೀಲಿಮಣೆ ಮುಟ್ಟುವುದನ್ನೇ ಬಿಟ್ಟಿದ್ದ.

ಆ ಹೆಬ್ಬೆರಳನ್ನು ಸುಮನಾ ಒಂದು ದಿನವೂ ಮರೆತಿರಲಿಲ್ಲ. ದುರ್ಗಿಗುಡಿಯಲ್ಲಿ ಕನ್ನಡಕದ ಅಂಗಡಿಯ ಮಹಡಿಯ ಮೇಲೆ ಎರಡು ಕೋಣೆಯ ಆಫೀಸು ಮಾಡಿಕೊಂಡು, ಕೆಟ್ಟ ಕಂಪ್ಯೂಟರುಗಳಿಂದ ಸತ್ಯ ಹೊರಗೆ ತೆಗೆಯುವುದು ಅವಳ ಕಸುಬು. ಪೊಲೀಸರೂ ವಕೀಲರೂ ಅವಳ ಹತ್ತಿರ ಬರುತ್ತಾರೆ. ಅಂಥವಳ ತಮ್ಮನನ್ನು ಒಂದು ಸುಳ್ಳು ಕೂಗಿನಿಂದ ಕಟ್ಟಿಹಾಕಿದ್ದರು. ಕ್ಷಮಿಸಿಬಿಡು ಎಂದವರನ್ನೂ ಅವಳು ಕ್ಷಮಿಸಿರಲಿಲ್ಲ.

“ಅಕ್ಕ, ಇವತ್ತು ಭದ್ರಾವತಿಗೆ ಹೋಗ್ಬೇಡ,” ಎಂದ ಜ್ಞಾನೇಶ ತಟ್ಟನೆ. “ನಾನೇ ತಪ್ಪು ಒಪ್ಕೊಂಡ್‌ಬಿಡ್ತೀನಿ. ಇಲ್ಲಿಗೇ ಮುಗಿಸೋಣ.”

“ಹುಚ್ಚು ಹಿಡಿದಿದ್ಯಾ ನಿಂಗೆ?”

ಅವನು ಇನ್ನೇನೋ ಹೇಳುವುದರಲ್ಲಿದ್ದ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು. ಜ್ಞಾನೇಶ ಬಾಯಿ ಮುಚ್ಚಿ ಲ್ಯಾಪ್‌ಟಾಪಿನ ಮುಚ್ಚಳ ಹಾಕಿದ.

ಒಂದು ಕೈಯಲ್ಲಿ ಕಾರಿನ ಕೀಲಿ, ಇನ್ನೊಂದರಲ್ಲಿ ಮೂರು ಡಬ್ಬಿಯ ಊಟದ ಕ್ಯಾರಿಯರ್ ಹಿಡಿದು ಮಲ್ಲಿಕ್ ಒಳಗೆ ಬಂದ. ಸುಮನಾಳ ಗಂಡ. ಮೋಟರು, ಪ್ಯಾನೆಲ್ ಬೋರ್ಡು ಎಂದು ಶಿವಮೊಗ್ಗ, ಭದ್ರಾವತಿಯ ಕಾರ್ಖಾನೆಗಳಿಗೆಲ್ಲ ಎಲೆಕ್ಟ್ರಿಕಲ್ ಕೆಲಸ ಹಿಡಿಯುವವನು. ನಗುಮುಖ, ಎಲ್ಲರಿಗೂ ಬೇಕಾದವನು.

“ಏನಪ್ಪಾ ಭಾವಮೈದ, ದೊಡ್ಡಪ್ಪ ಕೂಗಿದ್ನಾ?” ಎಂದು ಅವನು ಜ್ಞಾನೇಶನ ಬೆನ್ನು ತಟ್ಟಿದ.

“ಕೂಗಿದ ಭಾವ,” ಎಂದು ಜ್ಞಾನೇಶ ಎದ್ದು ಒಳಗಿನ ಕೋಣೆಗೆ ಹೋದ.

ನಂದಿಧ್ವಜದ ಕ್ರೇನಿನ ಕೆಲಸವನ್ನು ಜ್ಞಾನೇಶನಿಗೆ ಕೊಡಿಸಿದ್ದೇ ಮಲ್ಲಿಕ್. ಆ ಸಂಕಟಕ್ಕೇ ಅವನು ಹನ್ನೊಂದು ತಿಂಗಳಿಂದ ಕೆಲಸ ಬದಿಗಿಟ್ಟು ತನ್ನನ್ನು ವಕೀಲರ ಮನೆಗೆ, ಕೋರ್ಟಿಗೆ ಕರೆದುಕೊಂಡು ಓಡಾಡುತ್ತಿದ್ದಾನೆ ಎಂದು ಸುಮನಾ ನಂಬಿದ್ದಳು. ನೆಂಟರ ಮುಂದೆಲ್ಲ ಗಂಡನನ್ನು ಹೊಗಳುತ್ತಿದ್ದಳು ಕೂಡ.

ಆದರೆ ಇವತ್ತು ಚೀಲದಲ್ಲಿ ಇಟ್ಟುಕೊಂಡಿದ್ದ ಎರಡು ಕಾಗದಗಳ ವಿಷಯವನ್ನು ಅವಳು ಗಂಡನಿಗೂ ಹೇಳಿರಲಿಲ್ಲ, ತಮ್ಮನಿಗೂ ಹೇಳಿರಲಿಲ್ಲ. ಹೇಳಿದರೆ ಸಿಟ್ಟು ಆರಿಹೋಗುತ್ತದೆಂಬ ಭಯ. ಆ ಸಿಟ್ಟನ್ನು ಅವಳು ಬಿಸಿಬಿಸಿಯಾಗಿಯೇ ಒಬ್ಬನ ಮುಖದ ಮೇಲೆ ಸುರಿಯಬೇಕಾಗಿತ್ತು.

ಆ ಒಬ್ಬನ ಹೆಸರು ಹರ್ಷವರ್ಧನ. ನಂದಿಧ್ವಜದ ಸುರಕ್ಷತಾ ಮ್ಯಾನೇಜರ್. ಜ್ಞಾನೇಶನೇ ಕಾರಣ ಎಂದು ತನಿಖಾ ವರದಿ ಬರೆದವನು.

*

ಮಾಚೇನಹಳ್ಳಿ ದಾಟುವಾಗ ರಸ್ತೆಯಲ್ಲಿ ವಾಹನಗಳು ಸಾಲುಗಟ್ಟಿ ನಿಂತಿದ್ದವು. ಮುಂದೆ ಟ್ರಾಫಿಕ್ ಪೊಲೀಸಿನವನೊಬ್ಬ ಗೂಡ್ಸ್ ಆಟೋ ತಡೆದು, ಚಾಲಕನ ತೋಳು ಹಿಡಿದು ಕೆಳಗೆ ಇಳಿಸುತ್ತಿದ್ದ. ಬಿಸಿಲು ಕಾರಿನೊಳಗೂ ಬಂದು ಕೂತಿತ್ತು.

ಸುಮನಾಳ ತೊಡೆಯ ಮೇಲೆ ಫೌಂಡ್ರಿಯ ಶಿಫ್ಟ್ ಪುಸ್ತಕದ ಒಂದು ಪುಟದ ಜೆರಾಕ್ಸ್ ಇತ್ತು. ಅಪಘಾತದ ದಿನದ್ದು. ಮೇಸ್ತ್ರಿಯ ಕೈಬರಹದಲ್ಲಿ ಒಂದು ಸಾಲು: ‘೨.೪೦ – ಡ್ರೈವರ್ ಇಳಿಸಿದೆ.’

ಹರ್ಷವರ್ಧನನ ವರದಿ ನಿಂತಿದ್ದು ಈ ಸಾಲಿನ ಮೇಲೆ. ಎರಡು ನಲವತ್ತಕ್ಕೆ ಕಂಪ್ಯೂಟರಿನಿಂದ ಡ್ರೈವರ್ ಇಳಿಸಿದರು, ಆಗ ಡೆಡ್‌ಲಾಕ್ ಆಯಿತು, ಯಂತ್ರವೇ ಕೂಗಿ ಹೇಳಿದೆ, ಬ್ರೇಕ್ ಹಿಡಿಯಲಿಲ್ಲ, ಎರಡು ನಲವತ್ತೈದಕ್ಕೆ ಲ್ಯಾಡಲ್ ಬಿತ್ತು. ಅಚ್ಚುಕಟ್ಟಾದ ಕಥೆ. ಒಂದೇ ತೊಡಕು. ಕಂಪ್ಯೂಟರಿನ ದಾಖಲೆಯಲ್ಲಿ ಆ ಕೂಗು ಬಿದ್ದಿರುವುದು ಎರಡು ಐವತ್ತೆಂಟಕ್ಕೆ. ಕಂಪ್ಯೂಟರಿನ ಗಡಿಯಾರ ಹದಿನೆಂಟು ನಿಮಿಷ ಮುಂದಿತ್ತು ಎಂದು ವರದಿಯಲ್ಲಿ ಒಂದು ಸಾಲು ಬರೆದು ಅವನು ತೇಪೆ ಹಾಕಿದ್ದ.

ತೇಪೆ ಬಿಚ್ಚುವ ಕಾಗದಗಳು ಸುಮನಾಳ ಚೀಲದಲ್ಲಿದ್ದವು. ಆದರೂ ಈ ಮೇಸ್ತ್ರಿಯ ಸಾಲನ್ನು ಮಾತ್ರ ಬಿಡಿಸಲು ಅವಳಿಂದ ಆಗಿರಲಿಲ್ಲ. ಗಡಿಯಾರ ಸರಿಯಿದ್ದರೆ ಎರಡು ನಲವತ್ತಕ್ಕೆ ಇಳಿಸಿದ್ದಾದರೂ ಏನು?

“ಮುಂದೆ ನೋಡು ಪಾಪ,” ಎಂದು ಮಲ್ಲಿಕ್ ನಕ್ಕ. “ಡ್ರೈವರನ್ನ ಇಳಿಸೇಬಿಟ್ರು. ನಾನೂ ಇವತ್ತು ನಿನ್ನ ಡ್ರೈವರ್ ಮಾರಾಯ್ತಿ, ನನ್ನನ್ನ ಇಳಿಸ್ಬೇಡ.”

ಸುಮನಾ ನಗಲಿಲ್ಲ. ಅವಳ ಕಣ್ಣು ಜೆರಾಕ್ಸಿನ ಮೇಲೆಯೇ ನೆಟ್ಟುಹೋಯಿತು.

ಡ್ರೈವರ್ ಇಳಿಸಿದೆ.

ಅಯ್ಯೋ ಶಿವನೇ! ಹನ್ನೊಂದು ತಿಂಗಳು ಓದಿದ್ದಾಳೆ, ವಕೀಲರು ಓದಿದ್ದಾರೆ, ಪೊಲೀಸರು ಓದಿದ್ದಾರೆ. ಎಲ್ಲರ ತಲೆಯಲ್ಲೂ ಕಂಪ್ಯೂಟರೇ ತುಂಬಿಕೊಂಡಿತ್ತು. ಬರೆದವನು ಫೌಂಡ್ರಿಯ ಮೇಸ್ತ್ರಿ. ಅವನ ಬಾಯಲ್ಲಿ ಡ್ರೈವರ್ ಎಂದರೆ ಇಪ್ಪತ್ತು ಅಡಿ ಎತ್ತರದ ಕ್ಯಾಬಿನ್ನಿನಲ್ಲಿ ಕೂತು ಕ್ರೇನ್ ಓಡಿಸುವ ಮನುಷ್ಯ.

“ಏನಾಯ್ತು?” ಎಂದ ಮಲ್ಲಿಕ್.

“ಏನಿಲ್ಲ ರೀ, ಬಿಸಿಲು,” ಎಂದು ಅವಳು ಕಾಗದ ಮಡಚಿ ಚೀಲಕ್ಕೆ ಹಾಕಿದಳು.

*

ಫೌಂಡ್ರಿಯ ಗೇಟಿನ ಎದುರಿಗೆ ಜಯಾಳ ಇಡ್ಲಿ ಗಾಡಿ. ಸತ್ತ ಶಿವಕುಮಾರನ ಹೆಂಡತಿ. ಗಂಡನನ್ನು ನುಂಗಿದ ಗೇಟಿನ ಎದುರಿಗೇ ಅವಳು ಒಲೆ ಹೂಡಿದ್ದಳು. ಯಾರಾದರೂ ಯಾಕಮ್ಮ ಇಲ್ಲೇ ಎಂದು ಕೇಳಿದರೆ, ದಿನಾ ನನ್ನ ಮುಖ ಅವರು ನೋಡ್ಲಿ ಅಂತ ಎನ್ನುತ್ತಿದ್ದಳು.

ಮೊದಲ ಸಲ ಸುಮನಾ ಹುಡುಕಿಕೊಂಡು ಬಂದಾಗ ಜಯಾ ಅವಳ ಕಾಲ ಬುಡದಲ್ಲಿ ಉಗಿದಿದ್ದಳು. ಸುಮನಾ ಒರೆಸಿಕೊಳ್ಳದೆ, ಉರಿಯುತ್ತಿದ್ದ ಆ ಒಲೆಯ ಅಂಚಿನ ಮೇಲೆ ಕೈ ಇಟ್ಟು ಹೇಳಿದ್ದಳು: “ಇದನ್ನ ಮಾಡಿದವನು ಯಾರೇ ಆಗಿರಲಿ ಜಯಕ್ಕ, ಅವನ ಮನೆ ಒಲೆ ಹೊತ್ತದ ಹಾಗೆ ಮಾಡ್ತೀನಿ. ನನ್ನ ತಮ್ಮನೇ ಆಗಿದ್ರೂ ಸೈ.” ಅಂಗೈಯಲ್ಲಿ ಅವತ್ತಿನ ಕಲೆ ಇನ್ನೂ ಇತ್ತು.

ಮಲ್ಲಿಕ್ ಕಾರನ್ನು ಗೇಟಿನಿಂದ ಆಚೆ, ಮರದ ನೆರಳಿಗೆ ತಂದು ನಿಲ್ಲಿಸಿ ಗಾಜು ಏರಿಸಿದ. “ನೀನು ಹೋಗ್ಬಾ. ಆ ಹೆಂಗಸಿನ ಮುಖ ನೋಡೋಕೆ ನನ್ನ ಕೈಲಾಗಲ್ಲ ಮಾರಾಯ್ತಿ. ಬೇಗ ಬಾ, ಊಟ ಆರಿಹೋಗುತ್ತೆ.”

ಸುಮನಾ ರಸ್ತೆ ದಾಟಿದಳು. ಜಯಾ ಇಡ್ಲಿ ತಟ್ಟೆ ಎತ್ತುತ್ತಲೇ ಕೇಳಿದಳು. “ಹೆಸರು ಸಿಕ್ತಾ?”

“ಅರ್ಧ ಗಂಟೆ ಕೊಡಿ ಜಯಕ್ಕ. ಹೊರಗೆ ಬರುವಾಗ ಹೆಸರು ಹಿಡ್ಕೊಂಡೇ ಬರ್ತೀನಿ.”

“ಇಲ್ಲೇ ನಿಂತಿರ್ತೀನಿ,” ಎಂದಳು ಜಯಾ.

*

ಹರ್ಷವರ್ಧನನ ಕೋಣೆಯಲ್ಲಿ ಎಸಿ ತಣ್ಣಗೆ ಓಡುತ್ತಿತ್ತು. ಐವತ್ತರ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ಮೂರು ಎಳೆ ವಿಭೂತಿ. ಹಿಂದಿನ ಗೋಡೆಯ ಮೇಲೆ ‘ಸುರಕ್ಷತೆಯೇ ಮೊದಲು’ ಎಂಬ ಬೋರ್ಡು. ಅದನ್ನು ನೋಡಿಯೇ ಸುಮನಾಳಿಗೆ ಅರ್ಧ ಮೈ ಉರಿಯಿತು.

“ಕೂತ್ಕೊಳ್ಳಿ ಮೇಡಂ. ಕಾಫಿ ತರಿಸ್ಲಾ?”

“ಬೇಡ. ನಿಮ್ಮ ವರದಿಯಲ್ಲಿ ಕಂಪ್ಯೂಟರ್ ಗಡಿಯಾರ ಹದಿನೆಂಟು ನಿಮಿಷ ಮುಂದಿತ್ತು ಅಂತ ಬರೆದಿದ್ದೀರಿ. ಯಾರು ನೋಡಿದ್ದು?”

“ನಾವೇ ನೋಡಿದ್ವಿ.”

ಸುಮನಾ ಮೊದಲ ಕಾಗದವನ್ನು ಅವನ ಮುಂದೆ ಜಾರಿಸಿದಳು. “ಇದು ಕೋರ್ಟಿಂದ ಸಿಕ್ಕಿದ ಪೂರ್ತಿ ದಾಖಲೆ. ನೀವು ವರದಿಗೆ ಅಂಟಿಸಿದ್ದು ಕೂಗು ಇರೋ ಒಂದೇ ಪುಟ. ಅದರ ಹಿಂದಿನ ಪುಟ ನೋಡಿ. ಕಬ್ಬಿಣ ಚೆಲ್ಲಿ ಕೇಬಲ್ ಸುಟ್ಟು ಕರೆಂಟ್ ಹೋಯ್ತಲ್ಲ, ಕಂಪ್ಯೂಟರ್ ಬ್ಯಾಟರಿ ಮೇಲೆ ಓಡ್ತಾ ಆ ಹೊತ್ತನ್ನೂ ಬರ್ಕೊಂಡಿದೆ. ಎರಡು ನಲವತ್ತೈದು.”

ಎರಡನೇ ಕಾಗದ. “ಇದು ವಿದ್ಯುತ್ ಉಪಕೇಂದ್ರದ ರಿಜಿಸ್ಟರ್. ನಿಮ್ಮ ಲೈನ್ ಟ್ರಿಪ್ ಆಗಿದ್ದು ಎರಡು ನಲವತ್ತೈದು. ಎರಡು ಗಡಿಯಾರಕ್ಕೂ ಒಂದು ನಿಮಿಷದ ವ್ಯತ್ಯಾಸ ಇಲ್ಲ. ಹದಿನೆಂಟು ನಿಮಿಷ ಎಲ್ಲಿಂದ ತಂದ್ರಿ, ನಿಮ್ಮ ಜೇಬಿಂದಲೇ?”

ಹರ್ಷವರ್ಧನ ಕನ್ನಡಕ ತೆಗೆದು ಒರೆಸಿದ. ಈ ಒರೆಸುವಿಕೆಯನ್ನು ಸುಮನಾ ಹನ್ನೊಂದು ತಿಂಗಳಿಂದ ಕನಸು ಕಂಡಿದ್ದಳು. ಅದನ್ನು ಅವಳು ಕಣ್ತುಂಬ ನೋಡಿದಳು, ಬೇಕೆಂದೇ ನೋಡಿದಳು.

“ಅಂದ್ರೆ ಕೂಗು ಬಿದ್ದಿದ್ದು ನಿಜವಾಗಿಯೂ ಎರಡು ಐವತ್ತೆಂಟಕ್ಕೆ,” ಎಂದಳು. “ಶಿವಕುಮಾರ್ ಸತ್ತು ಹದಿಮೂರು ನಿಮಿಷ ಆದ್ಮೇಲೆ. ಹೆಣ ನೆಲದ ಮೇಲಿರುವಾಗ ಯಾರೋ ಒಬ್ಬ ಕಂಪ್ಯೂಟರ್ ಮುಂದೆ ಕೂತು ಡ್ರೈವರ್ ಇಳಿಸಿದ್ದಾನೆ. ಇಳಿಸಿದ್ರೆ ಸುಳ್ಳು ಕೂಗು ಬೀಳುತ್ತೆ ಅಂತ ಅವನಿಗೆ ಗೊತ್ತಿತ್ತು. ಕೂಗು ಬೀಳಲಿ ಅಂತಲೇ ಇಳಿಸಿದ್ದಾನೆ.”

“ಎರಡು ಸಲ ಇಳಿಸಿರಬಹುದಲ್ಲ?” ಹರ್ಷವರ್ಧನ ಸಾವರಿಸಿಕೊಂಡ. “ನಲವತ್ತಕ್ಕೆ ಒಂದು ಸಲ ಇಳಿಸಿದ್ರು. ಆಗ ಬ್ರೇಕ್ ತಪ್ಪಿತು. ಆಮೇಲೆ ಗಾಬರೀಲಿ ಮತ್ತೆ ಏರಿಸಿ ಇನ್ನೊಂದು ಸಲ ಇಳಿಸಿದ್ರು. ಶಿಫ್ಟ್ ಪುಸ್ತಕದಲ್ಲಿ ಬರೆದಿದೆಯಲ್ಲ ಮೇಡಂ, ಎರಡು ನಲವತ್ತಕ್ಕೆ ಡ್ರೈವರ್ ಇಳಿಸಿದೆ ಅಂತ.”

ಸುಮನಾ ಕಾಯುತ್ತಿದ್ದದ್ದು ಇದಕ್ಕೇ.

“ಈ ಕೂಗುವವನದು ಒಂದು ಗುಣ ಇದೆ ಸಾರ್. ಕಂಪ್ಯೂಟರ್ ಶುರು ಮಾಡಿದ ಮೇಲೆ ಅವನು ಕೂಗೋದು ಒಂದೇ ಸಲ. ಕೂಗಿ ಮಲಗಿಬಿಡ್ತಾನೆ. ಆಮೇಲೆ ನೂರು ಸಲ ಡ್ರೈವರ್ ಇಳಿಸಿ, ಮತ್ತೆ ಬಾಯಿ ಬಿಡಲ್ಲ. ಕಂಪ್ಯೂಟರ್ ಆರಿಸಿ ಹೊತ್ತಿಸಿದ್ರೇನೇ ಮತ್ತೆ ಕೂಗೋದು. ಅವತ್ತು ನಿಮ್ಮ ಕಂಪ್ಯೂಟರ್ ಶುರುವಾಗಿದ್ದು ಬೆಳಿಗ್ಗೆ ಆರಕ್ಕೆ, ಸಾಯಂಕಾಲದವರೆಗೆ ಆರಿಲ್ಲ. ಎರಡು ನಲವತ್ತಕ್ಕೆ ಇಳಿಸಿದ್ದಿದ್ರೆ ಆಗಲೇ ಕೂಗಿ ಮಲಗ್ತಿದ್ದ. ಐವತ್ತೆಂಟಕ್ಕೆ ಕೂಗ್ತಾನೇ ಇರಲಿಲ್ಲ.”

ಸುಮನಾ ಚೀಲದಿಂದ ಶಿಫ್ಟ್ ಪುಸ್ತಕದ ಜೆರಾಕ್ಸ್ ತೆಗೆದಳು.

“ಅವತ್ತು ಕಂಪ್ಯೂಟರಿಂದ ಡ್ರೈವರ್ ಇಳಿಸಿದ್ದು ಒಂದೇ ಸಲ. ಸಾವಾದ ಮೇಲೆ. ಹಾಗಾದ್ರೆ ಪುಸ್ತಕದಲ್ಲಿರೋ ಸಾಲು ಏನು? ಬರೆದವರನ್ನೇ ಕರೀರಿ, ಅವರ ಬಾಯಿಂದಲೇ ಕೇಳೋಣ.”

“ಯೋಗರಾಜ್ ಈಗ ಕೆಲಸದಲ್ಲಿದ್ದಾನೆ.”

“ಕರೆಯಲ್ಲ ಅಂದ್ರೆ ನಾಳಿದ್ದು ಜಡ್ಜ್ ಸಾಹೇಬ್ರು ಕರೀತಾರೆ. ನಿಮ್ಮನ್ನೂ ಜೊತೇಲೇ ಕರೀತಾರೆ.”

ಹರ್ಷವರ್ಧನ ಅವಳನ್ನೇ ನೋಡಿದ. ಆ ನೋಟದಲ್ಲಿ ಭಯವಿತ್ತು, ಜೊತೆಗೆ ಅವಳಿಗೆ ಅರ್ಥವಾಗದ ಇನ್ನೇನೋ ಇತ್ತು. ಕನಿಕರವೇ ಎಂದು ಒಂದು ಕ್ಷಣ ಅನುಮಾನ ಬಂದು, ಇವನಿಗೆಲ್ಲಿಯ ಕನಿಕರ ಎಂದು ಅವಳು ಅದನ್ನು ತಳ್ಳಿಹಾಕಿದಳು.

“ಮೇಡಂ, ನಾನು ಒಂದು ಮಾತು ಹೇಳ್ತೀನಿ, ಕೇಳಿ. ಇಲ್ಲಿಗೇ ಬಿಟ್ಬಿಡಿ. ನಿಮ್ಮ ತಮ್ಮನ ಮೇಲಿರೋದು ನಿರ್ಲಕ್ಷ್ಯದ ಕೇಸು, ಹಗುರ ಮಾಡಿಸೋಣ. ಇದರಿಂದ ಮುಂದೆ ಹೋದ್ರೆ ನಿಮಗೇ ಒಳ್ಳೇದಲ್ಲ.”

“ಹೆದರಿಸ್ತಿದ್ದೀರಾ?”

“ಇಲ್ಲ. ನಿಜವಾಗ್ಲೂ ಇಲ್ಲ.”

“ಯೋಗರಾಜನ್ನ ಕರೀರಿ.”

*

ಮೇಸ್ತ್ರಿ ಯೋಗರಾಜ್ ಬಂದು ಬಾಗಿಲಲ್ಲಿ ನಿಂತ. ಮೈಯೆಲ್ಲ ಮರಳು ಪುಡಿ, ಹೆಗಲ ಮೇಲೆ ಬೆವರಿನ ಟವೆಲ್. ಅವನು ಹರ್ಷವರ್ಧನನಿಗೆ ನಮಸ್ಕಾರ ಹೊಡೆದ. ಸುಮನಾಳನ್ನು ನೋಡಿ ಮಾತ್ರ ಅವನ ಮುಖ ಗಂಟಿಕ್ಕಿತು. ಕಳೆದ ಎರಡು ಸಲ ಅವಳು ಇಲ್ಲಿಗೆ ಬಂದಾಗಲೂ ಅವನು ಹೀಗೇ ಮುಖ ತಿರುಗಿಸಿದ್ದ.

ಸುಮನಾ ಜೆರಾಕ್ಸ್ ಚಾಚಿದಳು. “ಇದು ನಿಮ್ಮ ಬರಹ ತಾನೆ? ಓದಿ.”

“ಎರಡು ನಲವತ್ತು, ಡ್ರೈವರ್ ಇಳಿಸಿದೆ.”

“ಯಾವ ಡ್ರೈವರ್?”

“ಯಾವ ಡ್ರೈವರ್ ಅಂದ್ರೆ? ಕ್ರೇನ್ ಡ್ರೈವರ್ ಮಧು. ಅವನನ್ನ ಕ್ಯಾಬಿನ್ನಿಂದ ನಾನೇ ಇಳಿಸಿದೆ. ಇಳಿಸಿದ್ಮೇಲೆ ಬರೀಬೇಕಲ್ಲ, ಬರೆದೆ.” ಯೋಗರಾಜ್ ಇಬ್ಬರನ್ನೂ ನೋಡಿದ. “ಯಾಕೆ, ಇನ್ಯಾವ ಡ್ರೈವರ್ ಇದ್ದಾನೆ ಇಲ್ಲಿ?”

ಸುಮನಾ ಕುರ್ಚಿಗೆ ಒರಗಿದಳು. ನಗು ಬಂತು, ಅಳುವೂ ಬಂತು. ಒಂದು ಶಬ್ದ! ಒಂದೇ ಹೆಸರಿನ ಎರಡು ವಸ್ತುವನ್ನು ಒಂದೇ ಎಂದುಕೊಂಡು ಇಡೀ ಊರು ದೊಡ್ಡಪ್ಪನ ಹಾಗೆ ಕೂಗಿತ್ತು, ತಮ್ಮನ ಹೆಬ್ಬೆರಳು ಮುರಿದಿತ್ತು.

“ತನಿಖೆಯಲ್ಲಿ ಯಾಕೆ ಹೇಳ್ಲಿಲ್ಲ ನೀವು?”

“ಪುಸ್ತಕ ತಗೊಂಡು ಫೋಟೋ ಹೊಡ್ಕೊಂಡ್ರು. ನನ್ನನ್ನ ಯಾರು ಕೇಳಿದ್ರು? ಸಾಹೇಬ್ರನ್ನ ಕೇಳಿದ್ದಕ್ಕೆ, ಬರೆದಿದ್ದು ಬರೆದಾಗಿದೆ, ಸುಮ್ನಿರು ಅಂದ್ರು. ಮನೇಲಿ ಎರಡು ಹೆಣ್ಣುಮಕ್ಕಳಿದ್ದಾರೆ, ಸುಮ್ನಿದ್ದೆ.”

ಸುಮನಾ ಹರ್ಷವರ್ಧನನ ಕಡೆ ತಿರುಗಿದಳು. ಅವಳ ದನಿ ತಣ್ಣಗಿತ್ತು. “ಕೇಳಿಸ್ತಾ? ಇದಕ್ಕೆ ಸುಳ್ಳು ಸಾಕ್ಷಿ ಸೃಷ್ಟಿಸೋದು ಅಂತಾರೆ. ನಿಮ್ಮ ಈ ಬಿಳಿ ಅಂಗಿ ಕಳಚೋವರೆಗೂ ನಾನು ನಿಮ್ಮನ್ನ ಬಿಡಲ್ಲ. ನನ್ನ ತಮ್ಮನ್ನ ಮಾರ್ಕೆಟ್ಟಲ್ಲಿ ಹೊಡೆದ ಒಂದೊಂದು ಏಟಿಗೂ ನೀವು ಲೆಕ್ಕ ಕೊಡ್ತೀರಿ.”

ಅವನು ಎರಡೂ ಕಾಗದಗಳನ್ನು ಅವಳ ಕಡೆಗೆ ತಳ್ಳಿದ.

“ಮಧುನ ಯಾಕೆ ಇಳಿಸಿದ್ರಿ ಯೋಗರಾಜ್?”

“ಬೇರೆಯವರು ಹತ್ತಬೇಕಿತ್ತು. ಬ್ರೇಕಿನ ಸ್ವಿಚ್ಚು ಕೆಲಸ ಮಾಡದ ಹಾಗೆ ತಂತಿ ಕಟ್ಟಿ, ಹಾಗೇ ಓಡುತ್ತಾ ನೋಡ್ತೀನಿ ಅಂದ್ರು. ಲ್ಯಾಡಲ್ ತುಂಬಿದೆ, ಖಾಲಿ ಮಾಡಿಸಿ ಮಾಡಿ ಅಂದೆ. ಐದು ನಿಮಿಷದ ಕೆಲಸ ಅಂದ್ರು. ಸಾಹೇಬ್ರೂ ಹೂಂ ಅಂದ್ರು.”

“ಯಾರು ಹತ್ತಿದ್ದು?”

“ಸಾಕು ಯೋಗರಾಜ್, ಹೋಗು,” ಎಂದ ಹರ್ಷವರ್ಧನ.

ಯೋಗರಾಜ್ ಹೋಗಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಕೈಗೆ ಸುತ್ತಿಕೊಂಡ. ಶಿವಕುಮಾರ್ ಅವನ ಕೈಕೆಳಗೆ ಹದಿನಾಲ್ಕು ವರ್ಷ ಅಚ್ಚು ಹಾಕಿದವನು. ಇವಳು ಗೊತ್ತಿಲ್ಲದವಳ ಹಾಗೆ ಬಂದು ಕೇಳುತ್ತಿದ್ದಾಳೆ ಎಂಬ ರೋಷ ಅವನ ಮೂಗಿನ ಹೊಳ್ಳೆಯಲ್ಲಿ ಕಾಣುತ್ತಿತ್ತು.

“ನನ್ನ ಬಾಯಿಂದಲೇ ಹೇಳಿಸ್ಬೇಕಾ ಅಮ್ಮ? ಹತ್ತಿದ್ದು ನಿಮ್ಮ ಮನೆಯವರೇ. ನಿಮಗೆ ಗೊತ್ತಿದ್ದೇ ಮುಚ್ಚಿಡ್ತಿದ್ದೀರಿ ಅಂತ ನಾನು ಇಷ್ಟು ದಿನ ಅಂದ್ಕೊಂಡಿದ್ದೆ.”

ಯಾವ ಕನ್ನಡದ ಹೆಂಗಸಿಗಾದರೂ ಆ ಮಾತು ಒಂದೇ ಏಟಿಗೆ ಅರ್ಥವಾಗುತ್ತಿತ್ತು. ಆದರೆ ಸುಮನಾಳ ತಲೆಯಲ್ಲಿ ಹನ್ನೊಂದು ತಿಂಗಳಿಂದ ಇದ್ದದ್ದು ಒಂದೇ ಹೆಸರು. ಅವಳಿಗೆ ಮನೆ ಕೇಳಿಸಿತು, ಮನುಷ್ಯ ಕೇಳಿಸಲಿಲ್ಲ.

“ಸುಳ್ಳು!” ಅವಳು ಎದ್ದು ನಿಂತಳು. “ಜ್ಞಾನೇಶ ಅವತ್ತು ಇಡೀ ದಿನ ಶಿವಮೊಗ್ಗದಲ್ಲೇ ಇದ್ದ. ನನ್ನ ಎದುರಿಗೇ ಇದ್ದ.”

“ನನ್ನ ಕಣ್ಣಾರೆ ನೋಡಿದ್ದೀನಮ್ಮ. ಲ್ಯಾಡಲ್ ಬಿದ್ದ ಮೇಲೆ ಕೆಳಗೆ ಓಡಿ ಬಂದ್ರು. ಆ ತಂತಿ ಬಿಚ್ಚಿ ಜೇಬಿಗೆ ಹಾಕ್ಕೊಂಡ್ರು. ನಾವೆಲ್ಲ ಶಿವಣ್ಣನ ಮೇಲೆ ಮರಳು ಸುರೀತಿದ್ವಿ, ಅವರು ಕಂಪ್ಯೂಟರ್ ಮುಂದೆ ಕೂತು ಏನೋ ಒತ್ತಿದ್ರು. ಒತ್ತಿ ಸಾಹೇಬ್ರಿಗೆ ಹೇಳಿದ್ರು, ‘ದೊಡ್ಡಪ್ಪ ಕೂಗಿದ, ಇನ್ನು ನಾವು ಬಚಾವು’ ಅಂತ. ಯಾರಪ್ಪ ಈ ದೊಡ್ಡಪ್ಪ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.”

ಪ್ರಪಂಚದಲ್ಲಿ ಆ ಪ್ರೋಗ್ರಾಮನ್ನು ದೊಡ್ಡಪ್ಪ ಎನ್ನುವವರು ಮೂರೇ ಜನ. ಊಟಕ್ಕೆ ಕೂತಾಗ ಜ್ಞಾನೇಶ ಅದರ ಕಥೆ ಹೇಳಿ ನಗಿಸುತ್ತಿದ್ದ. ಬಡಿಸುತ್ತ ಸುಮನಾ ನಗುತ್ತಿದ್ದಳು. ಇನ್ನೊಬ್ಬ ಅನ್ನ ಕಲೆಸುತ್ತ ನಗುತ್ತಿದ್ದ.

“ನಿಮ್ಮ ತಮ್ಮನ ಮಾತು ಯಾಕೆ ಬಂತು ಇಲ್ಲಿ?” ಎಂದ ಯೋಗರಾಜ್, ಈಗ ಅವನ ದನಿಯೂ ಇಳಿದಿತ್ತು. “ಆ ಹುಡುಗ ಅವತ್ತು ಬಂದೇ ಇಲ್ಲ. ನಾನು ಹೇಳಿದ್ದು ನಿಮ್ಮ ಮನೆಯವರು. ಹೊರಗೆ ಮರದ ಕೆಳಗೆ ಕಾರಲ್ಲಿ ಕೂತಿದ್ದಾರಲ್ಲ, ಅವರು.”

ಹರ್ಷವರ್ಧನ ಕಿಟಕಿಯ ಕಡೆ ಮುಖ ತಿರುಗಿಸಿದ. “ನಾನು ಬೇಡ ಅಂತ ಹೇಳ್ದೆ ಮೇಡಂ,” ಎಂದ ಮೆಲ್ಲಗೆ.

ಅವತ್ತು ಮಲ್ಲಿಕ್ ಹೊಳಲೂರಿನಲ್ಲಿ ಪಂಪ್‌ಸೆಟ್ ಮೋಟರ್ ಕೂರಿಸಲು ಹೋಗಿದ್ದೆ ಎಂದಿದ್ದ. ಅವಳು ಕೇಳಿರಲೂ ಇಲ್ಲ, ಅವನಾಗಿಯೇ ಎರಡು ಸಲ ಹೇಳಿದ್ದ. ಜ್ಞಾನೇಶ ಯಾಕೆ ಬಾಯಿ ಬಿಡಲಿಲ್ಲ ಎಂಬುದಕ್ಕೂ ಈಗ ಉತ್ತರ ಸಿಕ್ಕಿತು. ಸುಳ್ಳು ಕೂಗಿನ ಗುಟ್ಟು ಗೊತ್ತಿದ್ದವರು ಮೂವರು ಎಂದು ಅವನು ಮೊದಲ ದಿನವೇ ಎಣಿಸಿದ್ದ. ಅಕ್ಕನ ಸಂಸಾರಕ್ಕಾಗಿ ಚಪ್ಪಲಿ ಏಟು ತಿಂದಿದ್ದ.

ಫೋನು ಹೊಡೆದುಕೊಂಡಿತು. ಅವಳು ಯಾಂತ್ರಿಕವಾಗಿ ಎತ್ತಿದಳು.

“ಸುಮಾ, ಮುಗೀತಾ? ಅನ್ನ ಆರಿಹೋಗ್ತಿದೆ ಮಾರಾಯ್ತಿ,” ಎಂದ ಮಲ್ಲಿಕ್. ಆ ದನಿಯಲ್ಲಿ ದಿನದ ಪ್ರೀತಿಯೇ ಇತ್ತು. ಅದೇ ಅವಳಿಗೆ ತಡೆಯಲಾಗದೆ ಹೋಯಿತು.

“ಬಂದೆ,” ಎಂದಳು.

ಅವಳು ಅಂಗಳ ದಾಟಿದಳು. ಹನ್ನೊಂದು ತಿಂಗಳು ಕಾಯಿಸಿಕೊಂಡು ಬಂದ ಸಿಟ್ಟು ಎಲ್ಲಿಗೂ ಹೋಗಿರಲಿಲ್ಲ. ವಿಳಾಸ ಮಾತ್ರ ಬದಲಾಗಿತ್ತು. ಅಂಗೈಯ ಸುಟ್ಟ ಕಲೆಯನ್ನು ಅವಳು ಹೆಬ್ಬೆರಳಿನಿಂದ ಒತ್ತಿಕೊಳ್ಳುತ್ತ ನಡೆದಳು.

ಗೇಟಿನ ಹೊರಗೆ ಬಲಕ್ಕೆ, ಮರದ ಕೆಳಗೆ, ಮಲ್ಲಿಕ್ ಒಳಗಿನಿಂದಲೇ ಬಾಗಿ ಅವಳಿಗೆಂದು ಕಾರಿನ ಬಾಗಿಲು ತೆರೆದ. ಸೀಟಿನ ಮೇಲೆ ಬೆಳಿಗ್ಗೆ ಅವಳೇ ಒಲೆ ಹೊತ್ತಿಸಿ, ಅಡುಗೆ ಮಾಡಿ ತುಂಬಿದ ಕ್ಯಾರಿಯರ್ ಇತ್ತು.

ಎಡಕ್ಕೆ ಜಯಾ ಗಾಡಿ ಬಿಟ್ಟು ರಸ್ತೆಯ ನಡುವೆಯೇ ಬಂದು ನಿಂತಿದ್ದಳು. ಅವಳು ಸೆರಗಿನಿಂದ ಕೈ ಒರೆಸಿಕೊಂಡಳು.

“ಹೇಳು,” ಎಂದಳು ಜಯಾ. “ಯಾರ ಮನೆಯವನು?”